ಮಳೆ ಬಂತೋ ಇಲ್ಲವೋ ಹೇಳಲು ನಿಂತವನು

ನನ್ನ ಅಂಗಡಿ ಇದ್ದದ್ದು ಕೂಡ್ಲಿಗಿಯಲ್ಲಿ, ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಗೆ ಮುಖ ಮಾಡಿಕೊಂಡು. ವೆಲ್ಡಿಂಗು ಮತ್ತು ಪಾಟಾ ಕೆಲಸ. ಪಾಟಾ ಎಂದರೆ ಲಾರಿಯ ಭಾರ ಹೊರುವ ಬಾಗಿದ ಕಬ್ಬಿಣದ ಪಟ್ಟಿಗಳು. ಅದು ತುಂಡಾದರೆ ಲಾರಿ ಒಂದು ಮಗ್ಗುಲಿಗೆ ವಾಲುತ್ತದೆ, ಡ್ರೈವರು ಬೈಯುತ್ತಾ ನನ್ನನ್ನು ಹುಡುಕಿಕೊಂಡು ಬರುತ್ತಾನೆ. ರಸ್ತೆ ಹಾಳಾಗಿದೆ ಎಂದು ಊರೆಲ್ಲ ಬಾಯಿ ಬಡಿದುಕೊಳ್ಳುವಾಗ ನಾನೊಬ್ಬ ಸುಮ್ಮನಿರುತ್ತಿದ್ದೆ. ನನ್ನ ಅನ್ನ ಇದ್ದದ್ದೇ ಆ ಗುಂಡಿಗಳಲ್ಲಿ.

ಇಂಥ ನಾನು ಒಮ್ಮೆ ಮದ್ರಾಸಿನ ಕಾರ್ ರೇಸಿನಲ್ಲಿ, ಒಂದು ತಿರುವಿನ ಬದಿಗೆ ನಿಂತು, ಮಳೆ ಬರುತ್ತಿದೆಯೋ ಇಲ್ಲವೋ ಎಂದು ಹೇಳುವ ಕೆಲಸ ಮಾಡಿದೆ. ಹೇಳಿದರೆ ನನ್ನ ಹೆಂಡತಿಯೇ ನಗುತ್ತಾಳೆ. 'ಮುಗಲು ನೋಡಾಕ ಕೂಡ್ಲಿಗಿಯಿಂದ ಆಳು ಕರಸಿದ್ರಂತ' ಎಂದು ನೆಂಟರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ನಾನೂ ನಕ್ಕುಬಿಡುತ್ತೇನೆ. ನಗದೆ ಏನು ಮಾಡುವುದು, ಆ ದಿನ ಏನಾಯಿತು ಎಂಬುದು ನನಗೇ ಇನ್ನೂ ಸರಿಯಾಗಿ ಅರ್ಥವಾಗಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಸೊಲ್ಲಾಪುರದ ಕಡೆಯಿಂದ ಬಂದ ಒಂದು ಸಣ್ಣ ಲಾರಿ ಹಿಂದಿನ ಪಾಟಾ ಮುರಿದುಕೊಂಡು ನನ್ನ ಅಂಗಡಿ ಮುಂದೆ ನಿಂತಿತು. ಅಡಿಗೆ ಮಲಗಿ ಪಾಟಾ ಬಿಚ್ಚಿ ಹೊರಗೆ ಬಂದಾಗ ಮೇಲಿನ ತಾಡಪಾಲು ಗಾಳಿಗೆ ಎದ್ದು ಒಳಗಿನದು ಕಾಣಿಸಿತು. ಕೆಂಪು ಬಣ್ಣದ್ದು, ಉದ್ದಕ್ಕೆ, ನೆಲಕ್ಕೆ ಅಂಟಿಕೊಂಡಂತೆ ಇತ್ತು. ನಾಲ್ಕೂ ಚಕ್ರ ಮೈಯಿಂದ ಹೊರಗೆ ಚಾಚಿಕೊಂಡಿದ್ದವು. ಮೇಲೆ ತಗಡಿಲ್ಲ, ಬಾಗಿಲಿಲ್ಲ, ನಡುವೆ ಒಬ್ಬ ಮನುಷ್ಯ ಕಾಲು ನೀಡಿ ಕೂರುವಷ್ಟು ಒಂದು ಗುಂಡಿ.

'ಏನ್ರಿ ಇದು, ಬೆಳಿಗೆ ಎಣ್ಣಿ ಹೊಡಿಯೋ ಮಿಷನ್ನೇನು?' ಎಂದೆ.

ಲಾರಿಯ ಜೊತೆ ಬಂದಿದ್ದವರು ಬೆಂಗಳೂರಿನವರು. ಐವತ್ತು ದಾಟಿದ, ಬಿಳಿ ಮೀಸೆಯ ಮನುಷ್ಯ. ಒಂದು ಸಣ್ಣ ರೇಸ್ ತಂಡದ ಮ್ಯಾನೇಜರ್. ಪುಣೆಯಿಂದ ಹಳೆಯ ಕಾರು ಕೊಂಡು ತರುತ್ತಿದ್ದರು. 'ರೇಸ್ ಕಾರು ಮೇಸ್ತ್ರಿ, ಒಬ್ಬನೇ ಕೂರೋದು' ಎಂದು ನಕ್ಕರು. ದಾರಿಯ ಕುಲುಕಾಟಕ್ಕೆ ಆ ಕಾರಿನ ಮುಂದಿನ ಚಕ್ರ ಹಿಡಿದಿದ್ದ ತೆಳು ಕೊಳವೆಯೊಂದು ಸೀಳಿತ್ತು. ನಾನು ಗ್ಯಾಸಿನ ಉರಿ ಸಣ್ಣದು ಮಾಡಿ, ಹಿತ್ತಾಳೆ ಕಡ್ಡಿ ಕರಗಿಸಿ, ಸೀಳು ಎಲ್ಲಿತ್ತೆಂದು ತಿಳಿಯದ ಹಾಗೆ ಕೂಡಿಸಿಕೊಟ್ಟೆ. ಅವರು ಅದರ ಮೇಲೆ ಹೆಬ್ಬೆರಳು ಆಡಿಸಿ, ಪಕ್ಕದ ಎಸ್‌ಟಿಡಿ ಬೂತಿನ ನಂಬರು ಬರೆದುಕೊಂಡು ಹೋದರು.

ಮೂರು ತಿಂಗಳಿಗೆ ಫೋನು ಬಂತು. ವರ್ಷದ ಕೊನೆಯ ರೇಸು ಮದ್ರಾಸಿನಲ್ಲಿ, ವೆಲ್ಡಿಂಗಿನವನು ಕೈ ಕೊಟ್ಟಿದ್ದಾನೆ, ಮೂರು ದಿನದ ಮಟ್ಟಿಗೆ ಬನ್ನಿ ಎಂದರು. ನಾನು ಹೂಂ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಸಮುದ್ರ ನೋಡುವ ಆಸೆ ಇತ್ತು ಅಂತ ಕಾಣುತ್ತದೆ. ಸಮುದ್ರ ನೋಡಲು ಆಗಲೇ ಇಲ್ಲ, ಅದು ಬೇರೆ ಮಾತು.

ಅವ್ವ ಒಪ್ಪಲಿಲ್ಲ. ಕೊಟ್ಟೂರಿನ ದಾರಿಯಲ್ಲಿ ನಮ್ಮದು ಒಂದಿಷ್ಟು ಹೊಲ. ಅದರ ಯಜಮಾನಿಕೆ ಅವ್ವನದೇ. 'ಚಿತ್ತಿ ಮಳಿ ಇವತ್ತೋ ನಾಳಿಗೋ ಬೀಳ್ತೈತಿ. ಕಡ್ಲಿ ಬಿತ್ತೋ ಹೊತ್ತಿನಾಗ ಯಾವ ಊರಿಗೆ ಹೊಂಟೀಯಪ್ಪ ನೀನು?' ಎಂದಳು. ಚಿತ್ತಾ ಮಳೆಗೆ ನಮ್ಮ ಕಡೆ ಕುರುಡು ಚಿತ್ತಿ ಎನ್ನುತ್ತಾರೆ. ಒಬ್ಬರ ಹೊಲದಲ್ಲಿ ಸುರಿದು ಬದುವಿನ ಆಚೆಯ ಹೊಲವನ್ನು ಹಾಗೆಯೇ ಬಿಟ್ಟು ಹೋಗುತ್ತದೆ. ಹರಪನಹಳ್ಳಿಗೆ ಬಿದ್ದಿತಂತೆ, ಹಡಗಲಿಗೆ ಬಿದ್ದಿತಂತೆ, ನಮಗೆ ಮಾತ್ರ ಮೋಡದ ನೆರಳು ಎಂಬುದು ಕೂಡ್ಲಿಗಿಯವರ ಮಾಮೂಲು ಗೋಳು.

ಮಳೆ ಬಿತ್ತೆಂದು ಅವ್ವ ಸುಲಭಕ್ಕೆ ಒಪ್ಪುವವಳಲ್ಲ. ಹನಿ ನಿಂತ ಕೂಡಲೇ ಹೊಲಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು ತೋರುಬೆರಳನ್ನು ಮಣ್ಣಿಗೆ ಚುಚ್ಚುತ್ತಿದ್ದಳು. ಬೆರಳು ಸಲೀಸಾಗಿ ಇಳಿದು, ತುದಿಗೆ ಹಸಿ ಮಣ್ಣು ಮೆತ್ತಿದರೆ ಮಳೆ. ಇಲ್ಲವಾದರೆ ಇಲ್ಲ. 'ಬೆರಳು ಇಳೀಲಿಲ್ಲ ಅಂದ್ರ ಅದು ಮಳಿ ಅಲ್ಲಲೇ, ಮುಗಲು ಕೈ ತೊಳಕಂಡ ನೀರು' ಎನ್ನುತ್ತಿದ್ದಳು. ನಡೆಯಲು ಕಲಿತ ದಿನದಿಂದ ಅವಳ ಹಿಂದೆ ಹೋಗಿ ನಾನೂ ಬೆರಳು ಚುಚ್ಚಿದವನೇ. ಹತ್ತು ಮಂದಿ ಸೇರಿ ಮಳೆ ಆಯಿತು ಎಂದರೂ ನನ್ನ ಬೆರಳು ಹೇಳುವ ತನಕ ನನಗೆ ನಂಬಿಕೆ ಬರುವುದಿಲ್ಲ.

ಮದ್ರಾಸಿನಲ್ಲಿ ಎರಡು ದಿನ ಕೆಲಸ ಚೆನ್ನಾಗಿಯೇ ಆಯಿತು. ನಮ್ಮ ಡ್ರೈವರು ಬೆಂಗಳೂರಿನ ಯುವಕ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ತೆಳ್ಳಗಿದ್ದ. ಹೆಲ್ಮೆಟ್ಟು ಹಾಕಿಕೊಂಡರೆ ಮೈಗಿಂತ ತಲೆಯೇ ಭಾರ ಅನ್ನಿಸುತ್ತಿತ್ತು. ಬಂದ ಮೊದಲ ದಿನವೇ ನನ್ನನ್ನು ಅಣ್ಣ ಎಂದ. ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿಯನ್ನು ಹಾಗೇ ಒಣದನ್ನು ಕಡಿಯುತ್ತಾ ನನ್ನ ಪಕ್ಕ ಕೂತು, ನಾನು ವೆಲ್ಡಿಂಗು ಮಾಡುವುದನ್ನು ಎವೆಯಿಕ್ಕದೆ ನೋಡುತ್ತಿದ್ದ. ಬರಿಗಣ್ಣಿಂದ ನೋಡಬ್ಯಾಡ್ರಿ, ರಾತ್ರಿ ಕಣ್ಣು ಉರಿತಾವ ಎಂದರೂ ಕೇಳುತ್ತಿರಲಿಲ್ಲ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು.

ರೇಸಿನ ದಿನ ಬೆಳಿಗ್ಗೆ ಅವನೇ ಹೇಳಿದ. 'ಅಣ್ಣ, ಇವತ್ತು ಮೊದಲ ಮೂರರಲ್ಲಿ ಬಂದ್ರೆ ಮುಂದಿನ ವರ್ಷಕ್ಕೂ ನನಗೆ ಕಾರು ಕೊಡ್ತಾರೆ. ಇಲ್ಲಾಂದ್ರೆ ಇದೇ ಕೊನೆ. ಮನೆಯಲ್ಲೂ ಒಪ್ಪಲ್ಲ, ಇಲ್ಲೂ ಇಟ್ಕೊಳ್ಳಲ್ಲ.'

'ಬರ್ತೀರಿ ಬಿಡ್ರಿ' ಎಂದೆ. ಮೂರರಲ್ಲಿ ಬರುವುದು ಎಷ್ಟು ಕಷ್ಟ ಎಂಬುದು ನನಗೇನು ಗೊತ್ತು.

ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಮೋಡ ಎದ್ದವು. ಮ್ಯಾನೇಜರಿಗೆ ಚಿಂತೆ ಶುರುವಾಯಿತು. ಬಿಸಿಲಿಗೆ ಒಂದು ಟೈರು, ನುಣ್ಣಗೆ ಇರುತ್ತದೆ. ಮಳೆಗೆ ಬೇರೆ ಟೈರು, ಅದಕ್ಕೆ ನೀರು ಹರಿದುಹೋಗುವ ಗೀರುಗಳಿರುತ್ತವೆ. ಒಣ ರಸ್ತೆಯಲ್ಲಿ ಮಳೆ ಟೈರು ಹಾಕಿದರೆ ಕರಗಿ ಹೋಗುತ್ತದೆ. ಒದ್ದೆ ರಸ್ತೆಯಲ್ಲಿ ಬಿಸಿಲಿನ ಟೈರು ಇದ್ದರೆ ಕಾರು ನಿಲ್ಲುವುದಿಲ್ಲ. ನಡುವೆ ಕಾರನ್ನು ನಮ್ಮ ಶೆಡ್ಡಿನ ಒಳಗೆ ಕರೆದು ಬದಲಾಯಿಸಬಹುದು, ಆದರೆ ಅಷ್ಟರಲ್ಲಿ ಉಳಿದವರು ದೂರ ಹೋಗಿರುತ್ತಾರೆ. ರಸ್ತೆಯೋ ಮೈಲುಗಟ್ಟಲೆ ಸುತ್ತು. ಆ ತುದಿಯಲ್ಲಿ ಮಳೆ ಬಿದ್ದರೆ ಈ ತುದಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಅದಕ್ಕೆ ಮ್ಯಾನೇಜರ್ ನನ್ನ ಕೈಗೆ ಒಂದು ವಾಕಿಟಾಕಿ ಕೊಟ್ಟು, ದೂರದ ತಿರುವಿಗೆ ಕಳಿಸಿದರು. 'ನಿಮಗೆ ಈಗ ಬೇರೆ ಕೆಲಸ ಇಲ್ಲ ಮೇಸ್ತ್ರಿ. ಅಲ್ಲಿ ಏನಾಗ್ತಿದೆ ಅಂತ ಹೇಳ್ತಾ ಇರಿ, ಅಷ್ಟೇ. ನೀವು ಹೇಳಿದ್ದನ್ನ ನಾನು ಬೋರ್ಡ್ ಮೇಲೆ ಬರೆದು ಅವನಿಗೆ ತೋರಿಸ್ತೀನಿ.'

ಅಲ್ಲಿ ತಂತಿ ಬೇಲಿ, ಹಳೆಯ ಟೈರುಗಳ ಒಂದು ಗೋಡೆ, ಬಾವುಟ ಹಿಡಿದ ಒಬ್ಬ ತಮಿಳಿನ ಮನುಷ್ಯ. ಅವನಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ಇಬ್ಬರೂ ನಗುತ್ತಾ ನಿಂತೆವು.

ರೇಸು ಶುರುವಾಯಿತು. ನನಗೆ ಅದರ ತಲೆಬುಡ ತಿಳಿಯಲಿಲ್ಲ. ಮೊದಲ ಎರಡು ಸುತ್ತಿನಲ್ಲಿ ನಮ್ಮ ಕೆಂಪು ಕಾರು ಆರನೆಯದಾಗಿ ಬಂತು, ಎಣಿಸಿದೆ. ಆಮೇಲೆ ಕಾರುಗಳು ಚೆದುರಿದವು. ಸುತ್ತುವ ಆಟದಲ್ಲಿ ಹಿಂದೆ ಬಿದ್ದವನೇ ಎಲ್ಲರಿಗಿಂತ ಮುಂದೆ ಇದ್ದವನಂತೆ ಕಾಣುತ್ತಾನೆ. ಯಾರನ್ನು ಯಾರು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಎಂದು ತಿಳಿಯದೆ ಗಾಣದೆತ್ತನ್ನು ನೋಡಿದ ಹಾಗೆ ನೋಡಿದೆ. ಸದ್ದಿಗೆ ಕಿವಿ ಮುಚ್ಚಿಹೋಗಿತ್ತು.

ಏಳೋ ಎಂಟೋ ಸುತ್ತು ಆಗಿರಬೇಕು, ಮುಖಕ್ಕೆ ಹನಿ ತಾಗಿತು. ಬಾವುಟದವನು ಬಗ್ಗಿ ಡಾಂಬರಿನ ಮೇಲೆ ಅಂಗೈ ಇಟ್ಟು ನೋಡಿದ. ನಾನೂ ಬಗ್ಗಿದೆ. ಆದರೆ ನನ್ನ ಕೈ ಡಾಂಬರಿಗೆ ಹೋಗಲಿಲ್ಲ. ಅದು ತಾನೇ ತಾನಾಗಿ ಬದಿಯ ಮಣ್ಣಿಗೆ ಹೋಯಿತು. ಬೆರಳು ಚುಚ್ಚಿದೆ. ಉಗುರಿನಷ್ಟೂ ಇಳಿಯಲಿಲ್ಲ.

ವಾಕಿಟಾಕಿ ಕರೆಯಿತು. 'ಮೇಸ್ತ್ರಿ, ಹೇಗಿದೆ ಅಲ್ಲಿ? ಮುಂದಿನ ಮೂರು ಕಾರು ಟೈರ್ ಬದಲಾಯಿಸೋಕೆ ಒಳಗೆ ಬಂದಿವೆ. ನಾವೂ ಕರೀಬೇಕಾ? ಬೇಗ ಹೇಳಿ.'

'ನೆಲ ನೆಂದಿಲ್ರಿ ಸಾರ್' ಎಂದೆ. 'ಕರೀಬ್ಯಾಡ್ರಿ.'

ಎಂಥ ಧೈರ್ಯ ನೋಡಿ! ಕಡಲೆ ಬಿತ್ತುವವನ ಹಾಗೆ ಹೇಳಿದ್ದೆ. ನನ್ನ ಕಣ್ಣೆದುರೇ ನಮ್ಮ ಕೆಂಪು ಕಾರು ಬಂದು, ತಿರುವಿನಲ್ಲಿ ಬಾಲ ಅಲ್ಲಾಡಿಸಿ, ಹೇಗೋ ಸಾವರಿಸಿಕೊಂಡು ಹೋಯಿತು. ಹೇಳಿದ್ದು ತಪ್ಪು ಎಂದು ಆಗ ಹೊಳೆಯಿತು. ಯಾಕೆಂದರೆ ನನಗೆ ಗೊತ್ತಿತ್ತು. ಗೊತ್ತಿಲ್ಲದವನು ಹೇಳಿದ್ದರೆ ಬೇರೆ ಮಾತು. ಇಪ್ಪತ್ತು ವರ್ಷ ಹೆದ್ದಾರಿ ಬದಿ ಕೂತವನು ನಾನು. ಜೋರು ಮಳೆಯಲ್ಲಿ ಲಾರಿಗಳು ಮಗುಚುವುದು ಕಡಿಮೆ. ಮೊದಲ ನಾಲ್ಕು ಹನಿಗೆ ರಸ್ತೆಯ ಧೂಳು, ಎಣ್ಣೆ ಎಲ್ಲ ಸೇರಿ ಲೋಳೆಯಾಗುತ್ತದಲ್ಲ, ಮಗುಚುವುದು ಆಗ. ಅಂಥ ಎಷ್ಟು ಲಾರಿಗಳನ್ನು ನಾನೇ ಎತ್ತಿ ನಿಲ್ಲಿಸಿದ್ದೇನೆ. ಇಷ್ಟು ತಿಳಿದ ಮನುಷ್ಯ ಡಾಂಬರು ಬಿಟ್ಟು ಮಣ್ಣು ಮುಟ್ಟಿದ್ದೇಕೆ? ಕಾರೇನು ಮಣ್ಣಿನಲ್ಲಿ ಓಡುತ್ತಿತ್ತೇ?

ಇದನ್ನು ಬಾಯಿ ಬಿಟ್ಟು ಹೇಳಬೇಕು ಅನ್ನುವಷ್ಟರಲ್ಲಿ ಹನಿ ನಿಂತಿತು. ನಿಂತದ್ದಷ್ಟೇ ಅಲ್ಲ, ಫಳ್ಳನೆ ಬಿಸಿಲು ಬಂತು. ಎರಡೇ ಸುತ್ತಿಗೆ ಡಾಂಬರು ಹಬೆಯಾಡಿ ಒಣಗಿತು. ಮಳೆ ಟೈರು ಹಾಕಿಕೊಂಡು ಬಂದವರು ಒದ್ದಾಡಿದರು. ನಮ್ಮ ಕಾರು ಒಬ್ಬೊಬ್ಬರನ್ನೇ ದಾಟುತ್ತಾ ಬಂತು. ವಾಕಿಟಾಕಿಯಲ್ಲಿ ಮ್ಯಾನೇಜರ್ ಕಿರುಚುತ್ತಿದ್ದರು. 'ಮೊದಲನೇ ಸ್ಥಾನ ಮೇಸ್ತ್ರಿ! ಎಲ್ಲರೂ ಮೋಸ ಹೋದ್ರು, ನೀವೊಬ್ಬರು ಸರಿಯಾಗಿ ಹೇಳಿದ್ರಿ. ಇನ್ನು ನೀವು ಹೇಳೋವರೆಗೂ ನಾನು ಅವನನ್ನ ಒಳಗೆ ಕರೆಯೋದೇ ಇಲ್ಲ.'

ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಗಿತ್ತು, ಅಷ್ಟೇ. ಆದರೂ ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಬೆರಳಿನ ಮಣ್ಣನ್ನು ಒರೆಸಿಕೊಂಡು ಬಾವುಟದವನ ಕಡೆ ದೊಡ್ಡ ಪಂಡಿತನ ಹಾಗೆ ನೋಡಿದೆ. ಒಂದು ಕ್ಷಣದ ಹಿಂದೆ ತಪ್ಪೆಂದು ಹೊಳೆದದ್ದು ಮರೆತೇಹೋಯಿತು. ಬಹುಶಃ ನನ್ನ ಬೆರಳೇ ಸರಿ, ಹೆದ್ದಾರಿಯ ತಿಳಿವಳಿಕೆಯೇ ಇಲ್ಲಿಗೆ ತಪ್ಪು ಇರಬೇಕು ಅಂದುಕೊಂಡೆ.

ಇನ್ನು ನಾಲ್ಕು ಸುತ್ತು ಉಳಿದಿವೆ ಎಂದು ಮ್ಯಾನೇಜರ್ ಹೇಳಿದ ಮೇಲೆ ಮತ್ತೆ ಕತ್ತಲು ಕವಿಯಿತು. ಈ ಸಲ ಹನಿ ದಪ್ಪ. ಒಂದು ಕತ್ತಿಗೆ ಬಿತ್ತು, ಒಂದು ಕೈ ಮೇಲೆ. ನನ್ನ ತಿರುವಿನಲ್ಲಿ ಮಾತ್ರ. ಆಚೆ ಮೈದಾನದಲ್ಲಿ, ಜನ ಕೂತ ಕಡೆ, ಹಳದಿ ಬಿಸಿಲು ಹಾಗೇ ಇತ್ತು. ಕುರುಡು ಚಿತ್ತಿ ನನ್ನನ್ನೇ ಹುಡುಕಿಕೊಂಡು ಬಂದಿದೆ ಅನ್ನಿಸಿತು.

'ಮೇಸ್ತ್ರಿ, ಇಲ್ಲಿ ಬಿಸಿಲಿದೆ. ನಿಮ್ಮ ಕಡೆ ಮೋಡ ಕಾಣಿಸ್ತಿದೆ. ಹೇಗಿದೆ?'

ಬೆರಳು ಚುಚ್ಚಿದೆ. ಮೊದಲ ಹನಿಗಳು ಇಷ್ಟಿಷ್ಟೇ ಇಳಿದು ಈಗ ಮಣ್ಣು ಮೆತ್ತಗಾಗಿತ್ತು. ಬೆರಳು ಅರ್ಧ ಇಳಿಯಿತು. ಡಾಂಬರು ಮುಟ್ಟಿದೆ. ಅದು ಬಿಸಿಲಿಗೆ ಕಾದು ಇನ್ನೂ ಬೆಚ್ಚಗೆ, ಹನಿ ಬಿದ್ದ ಕಡೆ ಮಾತ್ರ ಕಪ್ಪು ಚುಕ್ಕೆ. ಮೊದಲ ಸಲ ಮಣ್ಣು ಒಣಗಿತ್ತು, ಡಾಂಬರು ಜಾರುತ್ತಿತ್ತು. ಈಗ ಮಣ್ಣು ಹಸಿಯಾಗಿದೆ, ಡಾಂಬರು ಒಣಗಿದೆ. ಯಾವುದನ್ನು ನಂಬಲಿ? ಆಗ ಬೆರಳಿನ ಮಾತು ಕೇಳಿ ಗೆದ್ದೆವು. ಈಗ ಬೆರಳು ಮಳೆ ಅನ್ನುತ್ತಿದೆ. ಆದರೆ ಈಗ ಒಳಗೆ ಕರೆದು, ಮಳೆ ಹಾಗೇ ಮುಂದೆ ಹೋದರೆ? ಮೊದಲು ಇದ್ದವನು ಕೊನೆಗೆ ಬೀಳುತ್ತಾನೆ. ಆಗ ಅವನ ಮುಂದಿನ ವರ್ಷವನ್ನು ಕಿತ್ತುಕೊಂಡವನು ನಾನೇ ಆಗುತ್ತೇನೆ. ಕರೆಯದೆ ಮಳೆ ಸುರಿದರೆ? ಅತ್ತ ದರಿ, ಇತ್ತ ಪುಲಿ. ತಲೆಯೊಳಗೆ ಅವ್ವ ಒಂದು ಹೇಳಿದರೆ ಹೆದ್ದಾರಿ ಇನ್ನೊಂದು ಹೇಳುತ್ತಿತ್ತು.

'ನೋಡಿ ಹೇಳ್ತೀನ್ರಿ ಸಾರ್' ಎಂದೆ.

ನೋಡಿದೆ. ಹೇಳಲಿಲ್ಲ. ವಾಕಿಟಾಕಿಯ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ನಿಂತೆ. ಕೆಂಪು ಕಾರು ಒಂದು ಸಲ ದಾಟಿತು, ಚೆನ್ನಾಗಿಯೇ ದಾಟಿತು. ನೋಡಿದೆಯಾ ಏನೂ ಆಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚುಕ್ಕೆಗಳು ಒಂದಕ್ಕೊಂದು ಕೂಡಿ ರಸ್ತೆ ಪೂರ್ತಿ ಕಪ್ಪಾಯಿತು. ಆಗಲಾದರೂ ಗುಂಡಿ ಒತ್ತಬೇಕಿತ್ತು. ಬಾವುಟದವನು ರಸ್ತೆ ಜಾರುತ್ತಿದೆ ಎಂದು ಸಾರುವ, ಹಳದಿಯ ಮೇಲೆ ಕೆಂಪು ಗೀಟಿನ ಬಾವುಟ ಬಿಚ್ಚುತ್ತಾ ನನ್ನ ಕಡೆ ತಿರುಗಿ ಏನೋ ಕೂಗಿದ, ವಾಕಿಟಾಕಿಯ ಕಡೆ ಬೆರಳು ತೋರಿಸಿದ. ಅಷ್ಟರಲ್ಲಿ ಕಾರು ಮತ್ತೆ ಬಂತು.

ಅದು ತಿರುಗಲೇ ಇಲ್ಲ. ನೇರ ಹೋಯಿತು. ಒಂದು ಸುತ್ತು ಬುಗುರಿಯ ಹಾಗೆ ತಿರುಗಿ ಟೈರು ಗೋಡೆಗೆ ಬಡಿಯಿತು. ನಾನು ಕೂಡಿಸಿದ್ದ ಕೊಳವೆ ಮುರಿದು ಚಕ್ರವೊಂದು ಉರುಳುತ್ತಾ ಬೇಲಿಯ ತನಕ ಬಂತು.

ಅವನು ತಾನೇ ಎದ್ದು ಹೊರಗೆ ಬಂದ. ದೇವರು ದೊಡ್ಡವನು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ, ಮಣಿಕಟ್ಟು ಮುರಿದಿತ್ತು. ಓಡಿ ಹೋದೆ. ಹೆಲ್ಮೆಟ್ಟು ತೆಗೆದುಕೊಟ್ಟೆ. ಅವನ ಮುಖ ಬೆಳ್ಳಗಾಗಿತ್ತು. ನನ್ನ ಕೈಯಲ್ಲಿದ್ದ ವಾಕಿಟಾಕಿ ನೋಡಿ ಅವನು ಅಂದದ್ದು ಇಷ್ಟು: 'ಸಾರಿ ಅಣ್ಣ. ನೀವು ಹೇಳಿರ್ತೀರಿ. ನಾನೇ ಬೋರ್ಡ್ ನೋಡಲಿಲ್ಲ ಅನ್ಸುತ್ತೆ. ಎಲ್ಲ ಹಾಳು ಮಾಡ್ಬಿಟ್ಟೆ.'

'ಇರ್ಲಿ ಬಿಡ್ರಿ' ಎಂದೆ. 'ಮೊದ್ಲು ಕೈ ನೋಡ್ಕೋರಿ.'

ಆಂಬುಲೆನ್ಸಿನವರು ಅವನನ್ನು ಕರೆದುಕೊಂಡು ಹೋದರು. ಮ್ಯಾನೇಜರ್ ನನ್ನನ್ನು ಒಂದೇ ಮಾತು ಕೇಳಿದರು. 'ಹೇಳಬೇಕಿತ್ತಲ್ಲ ಮೇಸ್ತ್ರಿ?' ಹೇಳಾಕತ್ತಿದ್ನಿ, ಅಷ್ಟರಾಗ ಅಂತ ಏನೋ ತೊದಲಿದೆ. ಅವರು ಪೂರ್ತಿ ಕೇಳಿಸಿಕೊಳ್ಳದೆ ತಿರುಗಿ ಹೋದರು. ಅಂದು ಸಂಜೆಯೇ ಬಸ್ಸು ಹತ್ತಿದೆ. ದಾರಿ ಉದ್ದಕ್ಕೂ ಲೆಕ್ಕ ಹಾಕಿದೆ. ತಪ್ಪು ಮಾಡಿದಾಗ ಹೊಗಳಿಸಿಕೊಂಡೆ. ಸರಿಯೋ ತಪ್ಪೋ ತಿಳಿಯದೆ ಸುಮ್ಮನಿದ್ದಾಗ ಒಬ್ಬನ ಕೈ ಮುರಿಯಿತು. ಮೊದಲನೆಯದು ತಪ್ಪು ಅಂದುಕೊಳ್ಳಲೋ, ಎರಡನೆಯದೋ? ಹೊಗಳಿಕೆ ಬಾರದಿದ್ದರೆ ಎರಡನೆಯ ಸಲ ಬಾಯಿ ಬಿಡುತ್ತಿದ್ದೆನೋ ಏನೋ. ಲೆಕ್ಕ ಬಗೆಹರಿಯಲಿಲ್ಲ. ಊರು ಬಂತು. ಅವ್ವ ಕಡಲೆ ಬಿತ್ತಿ ಮುಗಿಸಿದ್ದಳು.

ಆರು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಹಂಪಿಯ ಕಡೆ ಹೊರಟಿದ್ದ ಕಾರೊಂದು ಅಂಗಡಿ ಮುಂದೆ ನಿಂತಿತು. ಅದರಿಂದ ಇಳಿದವನು ಅವನೇ. ಗೆಳೆಯರನ್ನು ಕಾರಿನಲ್ಲೇ ಬಿಟ್ಟು ಒಬ್ಬನೇ ಒಳಗೆ ಬಂದ. ಎಡಗೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಚಹಾ ತರಿಸಿದೆ. ಈ ವರ್ಷ ಯಾವ ಕಾರು ಓಡಿಸ್ತೀರಿ ಎಂದು ಕೇಳಿಬಿಟ್ಟೆ, ಕೇಳಬಾರದಿತ್ತು.

'ಯಾವುದೂ ಇಲ್ಲ ಅಣ್ಣ. ಮ್ಯಾನೇಜರ್ ಜೊತೆ ಜಗಳ ಆಯ್ತು. ಇನ್ನೊಂದು ಅವಕಾಶ ಕೊಡ್ತೀನಿ ಅಂತ ಅಂದಿದ್ರು ಪಾಪ. ಆದ್ರೆ ಎಲ್ಲರ ಮುಂದೆ ನಿಮ್ಮ ಮೇಲೆ ಹಾಕ್ತಿದ್ರು, ಆ ಹಳ್ಳಿ ಮೇಸ್ತ್ರಿ ಹೇಳಲೇ ಇಲ್ಲ ಅಂತ. ಅದಕ್ಕೆ ನಾನು, ಅವರು ಹೇಳಿರ್ತಾರೆ ಸಾರ್, ನಿಮಗೇ ಕೇಳಿಸಿಲ್ಲ, ಇಲ್ಲ ನಾನೇ ನೋಡಿಲ್ಲ ಅಂದೆ. ಅವರಿಗೆ ಸಿಟ್ಟು ಬಂತು. ಮಾತಿಗೆ ಮಾತು ಬೆಳೀತು. ಹೋಗ್ಲಿ ಬಿಡಿ. ಈಗ ಅಪ್ಪನ ಅಂಗಡೀಲಿ ಕೂರ್ತಿದೀನಿ.'

ನನ್ನನ್ನು ಏನನ್ನೂ ಕೇಳಲು ಅವನು ಬಂದಿರಲಿಲ್ಲ. ದಾರಿಯಲ್ಲಿ ಕೂಡ್ಲಿಗಿ ಸಿಕ್ಕಿತು, ನೋಡಿಕೊಂಡು ಹೋಗೋಣ ಅಂತ ಇಳಿದಿದ್ದ. ನಾನು ಸುಮ್ಮನಿದ್ದಿದ್ದರೆ ಚಹಾ ಕುಡಿದು ಹೋಗುತ್ತಿದ್ದ. ಇನ್ನು ತಡೆಯಲಾಗಲಿಲ್ಲ.

'ನಾನು ಹೇಳಿರಲಿಲ್ರಿ' ಎಂದೆ. 'ಮಳಿ ಬಂದಿತ್ತು. ನೋಡಿದ್ನಿ. ಹೇಳ್ಬೇಕೋ ಬ್ಯಾಡೋ ತಿಳೀಲಿಲ್ಲ. ಸುಮ್ನ ನಿಂತ್ನಿ.'

ಅವನು ಲೋಟ ಕೆಳಗಿಟ್ಟ. ಸಿಟ್ಟು ಮಾಡಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಚೆನ್ನಾಗಿತ್ತು.

'ಅದು ಇರ್ಲಿ ಅಣ್ಣ. ಅಂಥಾ ಮಳೇಲಿ ಯಾರಿಗೂ ಏನೂ ತಿಳಿಯಲ್ಲ, ನನಗೇ ತಿಳಿದಿರ್ಲಿಲ್ಲ' ಎಂದ. ಎದ್ದು ಬಾಗಿಲ ತನಕ ಹೋಗಿ ತಿರುಗಿದ. 'ಆದ್ರೆ ನಾನು ನಿಮ್ಮ ಮುಂದೆ ನಿಂತು ಸಾರಿ ಕೇಳಿದೆನಲ್ಲ, ಆಗ ಯಾಕೆ ನನ್ನನ್ನ ಕ್ಷಮಿಸಿಬಿಟ್ರಿ?'

ನಾನು ಬಾಯಿ ತೆರೆದೆ. ಅವನು ಕಾದ. ನಿಜವಾಗಿಯೂ ಕಾದ, ಕೇಳಿಸಿಕೊಳ್ಳಬೇಕು ಅಂತಲೇ ನಿಂತಿದ್ದ. ಹೊರಗೆ ಗೆಳೆಯರು ಎರಡು ಸಲ ಹಾರನ್ ಹೊಡೆದರು. ಮೂರನೆಯ ಸಲಕ್ಕೆ ಅವನು ಹೋಗಿ ಕಾರು ಹತ್ತಿದ.